ಮುಳುಗಿದ ಮನೆ ಎಣಿಸಿದ ಊರು ಬಾಡಿಗೆ ಕೋಣೆಗಳನ್ನೂ ಎಣಿಸಲಿ

ಮಾನ್ಯ ಬಾಗಲಕೋಟೆ ಜಿಲ್ಲಾಧಿಕಾರಿಗಳಿಗೆ, ಪಟ್ಟಣ ಅಭಿವೃದ್ಧಿ ಪ್ರಾಧಿಕಾರದ ಅಧಿಕಾರಿಗಳಿಗೆ, ಊರಿನ ಎಲ್ಲ ಕಾಲೇಜುಗಳ ಆಡಳಿತ ಮಂಡಳಿಗಳಿಗೆ, ಮತ್ತು ನನ್ನ ಹಾಗೆ ಕೋಣೆ ಬಾಡಿಗೆ ಕೊಡುವ ನವನಗರ, ವಿದ್ಯಾಗಿರಿಯ ಮನೆ ಮಾಲೀಕರಿಗೆ,

ನಮಸ್ಕಾರ.

ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯಲ್ಲಿ ಮನೆ ಕಳಕೊಂಡವರಿಗಾಗಿ ಕಟ್ಟಿದ ನವನಗರದ ಒಂದು ಸೆಕ್ಟರಿನಲ್ಲಿ ನಾನು ಇರುವವಳು. ಕೆಳಗೆ ನಾವಿದ್ದೇವೆ. ಮೇಲೆ ಮೂರು ಕೋಣೆ ಕಟ್ಟಿಸಿ ಕಾಲೇಜು ಮಕ್ಕಳಿಗೆ ಬಾಡಿಗೆ ಕೊಟ್ಟಿದ್ದೇವೆ. ರೂಮ್ ಬಾಡಿಗೆ ಜಾಸ್ತಿ ಆಯ್ತು ಅಂತ ಮಕ್ಕಳು ಗೊಣಗುತ್ತಾರೆ, ಅವರ ಅಪ್ಪಂದಿರು ಬೈಯುತ್ತಾರೆ. ಈ ಸಲ ಬಾಡಿಗೆ ಎಣಿಸಿಕೊಳ್ಳುವವಳೇ ಬರೆಯುತ್ತಿದ್ದೇನೆ. ಈ ವ್ಯವಹಾರದಲ್ಲಿ ರೇಟು ಎಲ್ಲಿ ಏರುತ್ತದೆ, ಯಾಕೆ ಏರುತ್ತದೆ ಅನ್ನೋದು ಗೇಟಿನ ಒಳಗಿನಿಂದ ನೋಡಿದವರಿಗೆ ಚೆನ್ನಾಗಿ ಗೊತ್ತು.

ಮೊದಲು ಒಂದು ಮಾತು. ಬಾಗಲಕೋಟೆಯಲ್ಲಿ ಕೋಣೆಗಳಿಗೆ ಬರ ಇಲ್ಲ. ಜನವರಿಯಲ್ಲಿ ವಿದ್ಯಾಗಿರಿಯ ಓಣಿಗಳಲ್ಲಿ ಒಂದು ಸುತ್ತು ಹಾಕಿ ನೋಡಿ. ‘ರೂಮ್ ಬಾಡಿಗೆಗೆ ಇದೆ’ ಎಂದು ಬರೆದ ರಟ್ಟುಗಳು ಅಲ್ಲಲ್ಲಿ ಗೇಟಿಗೆ ತೂಗುತ್ತಿರುತ್ತವೆ. ಆಗ ಕೇಳಲು ಹೋದವರನ್ನು ಒಳಗೆ ಕರೆದು, ಕುಡಿಯಲು ನೀರು ಕೊಟ್ಟು, ಐನೂರು ಕಡಿಮೆ ಮಾಡಿ ಮಾತಾಡುತ್ತೇವೆ. ಅದೇ ಕೋಣೆಗೆ, ಅದೇ ಗೋಡೆಗೆ, ಕಾಲೇಜು ಪ್ರವೇಶದ ದಿನಗಳಲ್ಲಿ ಬೇರೆಯೇ ರೇಟು.

ಅದು ಹೇಗೆ ಅಂತ ಹೇಳುತ್ತೇನೆ. ಸಿಇಟಿ ಸೀಟು ಹಂಚಿಕೆ ಆಗುತ್ತದೆ. ಶುಲ್ಕ ಕಟ್ಟಿ ಕಾಲೇಜಿಗೆ ವರದಿ ಮಾಡಿಕೊಳ್ಳಲು ಕೆಲವೇ ದಿನ ಸಮಯ. ರಾಯಚೂರು ಕಡೆಯಿಂದಲೋ ಚಿತ್ರದುರ್ಗ ಕಡೆಯಿಂದಲೋ ತಂದೆ ಮಗ ಬರುತ್ತಾರೆ. ಕೈಯಲ್ಲಿ ಟ್ರಂಕು, ಸುತ್ತಿದ ಹಾಸಿಗೆ. ಬೆಳಗ್ಗೆ ಕಾಲೇಜಿನ ಕೆಲಸ ಮುಗಿಸಿ, ಮಧ್ಯಾಹ್ನ ರೂಮ್ ಹುಡುಕಿ, ರಾತ್ರಿಯ ಬಸ್ಸಿಗೆ ತಂದೆ ವಾಪಸ್ ಹೋಗಬೇಕು. ಮರುದಿನ ಕೂಲಿ ಇದೆ, ಇಲ್ಲವೇ ಹೊಲದಲ್ಲಿ ಕೆಲಸ ಇದೆ. ಊರು ಹೊಸದು. ಸೆಕ್ಟರ್ ನಂಬರುಗಳು ನಮಗೇ ಒಮ್ಮೊಮ್ಮೆ ತಲೆಗೆ ಹತ್ತುವುದಿಲ್ಲ, ಅವರಿಗೆ ಹೇಗೆ ಗೊತ್ತಾಗಬೇಕು? ನಾಲ್ಕು ಮನೆ ಕೇಳುವಷ್ಟರಲ್ಲಿ ಕತ್ತಲಾಗುತ್ತದೆ. ಐದನೆಯ ಮನೆಯವರು ಎಷ್ಟು ಕೇಳಿದರೆ ಅಷ್ಟು ಕೊಟ್ಟುಬಿಡುತ್ತಾರೆ.

ಇಷ್ಟೇ ಆಗಿದ್ದರೆ ಅದು ಒಬ್ಬ ತಂದೆಯ ಕಷ್ಟ ಅಂತ ಸುಮ್ಮನಿರಬಹುದಿತ್ತು. ಆದರೆ ಆ ಸಂಜೆ ಅವರು ಕೊಟ್ಟ ದುಡ್ಡು ಮರುದಿನ ಓಣಿಯ ಸುದ್ದಿಯಾಗುತ್ತದೆ. “ಬಾಜೂ ಮನಿಯವ್ರು ನಾಕು ಸಾವಿರ ತಗೊಂಡಾರಂತ, ನಾವ್ಯಾಕ ಮೂರಕ್ಕ ಕೊಡಬೇಕು?” ಈ ಮಾತು ನಮ್ಮ ಮನೆಯಲ್ಲೂ ಆಗಿದೆ. ಹೀಗೆ ಗಡಿಬಿಡಿಯಲ್ಲಿ ಬಂದವರು ಕೊಟ್ಟ ರೇಟೇ ವರ್ಷವಿಡೀ ಎಲ್ಲರ ರೇಟಾಗುತ್ತದೆ. ಹಳೆಯ ಹುಡುಗರಿಗೂ ಏರಿಸುತ್ತಾರೆ. ಒಂದು ಸಲ ಏರಿದ್ದು ಇಳಿಯುವುದಿಲ್ಲ.

ನಡುವೆ ಏಜೆಂಟರು ಬೇರೆ. ಹತ್ತಿಪ್ಪತ್ತು ಮನೆಗಳ ಫೋನ್ ನಂಬರು ಇಟ್ಟುಕೊಂಡಿರುತ್ತಾರೆ, ಅಷ್ಟೇ ಅವರ ಬಂಡವಾಳ. ಕೋಣೆ ತೋರಿಸಿದ್ದಕ್ಕೆ ಒಂದು ತಿಂಗಳ ಬಾಡಿಗೆ ಕೇಳುವವರೂ ಇದ್ದಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಯಾರ ಮನೆಯಲ್ಲಿ ಕೋಣೆ ಖಾಲಿ ಇದೆ ಅನ್ನೋ ಸುದ್ದಿ ಊರಲ್ಲಿ ಬೇರೆಲ್ಲೂ ಸಿಗದಿದ್ದಾಗ, ಆ ಸುದ್ದಿಯನ್ನು ಮಾರುವವರು ಹುಟ್ಟಿಕೊಳ್ಳುತ್ತಾರೆ.

ನನ್ನ ಬೇಡಿಕೆ ಒಂದೇ. ಬಾಡಿಗೆಗೆ ಇರುವ ವಿದ್ಯಾರ್ಥಿ ಕೋಣೆಗಳ ಒಂದು ಪಟ್ಟಿ ಮಾಡಿ. ಯಾವ ಸೆಕ್ಟರು, ಎಷ್ಟು ಜನಕ್ಕೆ, ಬಾಡಿಗೆ ಎಷ್ಟು, ಠೇವಣಿ ಎಷ್ಟು, ನೀರು ಹೇಗೆ, ಅಡುಗೆಗೆ ಅವಕಾಶ ಇದೆಯೋ ಇಲ್ಲವೋ. ಇಷ್ಟು ಸಾಕು. ಸೀಟು ಹಂಚಿಕೆಗೆ ಮೊದಲೇ ಆ ಪಟ್ಟಿ ಎಲ್ಲರಿಗೂ ಕಾಣುವಂತಿರಲಿ. ತಂದೆ ಮಗ ಊರಿನಲ್ಲಿ ಕೂತೇ ನಾಲ್ಕು ಮನೆಗೆ ಫೋನ್ ಮಾಡಿ ವಿಚಾರಿಸಿಕೊಂಡು ಬರಲಿ. ಆ ಒಂದು ಸಂಜೆಯ ಗಡಿಬಿಡಿ ತಪ್ಪಿದರೆ ರೇಟು ತಾನಾಗಿಯೇ ನೆಲಕ್ಕೆ ಬರುತ್ತದೆ. ಬಾಡಿಗೆ ಇಷ್ಟೇ ಇರಬೇಕು ಅಂತ ಆದೇಶ ಹೊರಡಿಸಿ ಎಂದು ನಾನು ಕೇಳುತ್ತಿಲ್ಲ. ಹಾಗೆ ಮಾಡಿದರೆ ಚೀಟಿಯಲ್ಲಿ ಒಂದು, ಕೈಯಲ್ಲಿ ಒಂದು ಆಗುತ್ತದೆ. ನಮ್ಮ ಮಂದಿ ಎಂಥವರು ಅಂತ ನನಗೆ ಗೊತ್ತು.

ಪಟ್ಟಿ ಮಾಡುವುದು ದೊಡ್ಡ ಕೆಲಸ ಅನ್ನಬಹುದು. ಆದರೆ ಈ ಊರು ಹುಟ್ಟಿದ್ದೇ ಪಟ್ಟಿಯಿಂದ ಅಲ್ವಾ? 1964ರಲ್ಲಿ ಆಲಮಟ್ಟಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟರು. ಕೃಷ್ಣೆಗೆ ಕಟ್ಟಿದ ಅಣೆಕಟ್ಟೆಯ ಹಿನ್ನೀರು ಘಟಪ್ರಭೆಯ ಪಾತ್ರದಲ್ಲಿ ಹಿಂದಕ್ಕೆ ಸರಿದು ಬಾಗಲಕೋಟೆಯ ಹಳೇ ಪೇಟೆಗಳಿಗೆ ಬರುತ್ತದೆ ಅಂತ ಗೊತ್ತಾದ ಮೇಲೆ, 1983ರಲ್ಲಿ ಒಂದು ಕಾಯ್ದೆಯನ್ನೇ ಮಾಡಿ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ ತಂದರು. ನವನಗರದ ಯೋಜನೆಗೆ ಚಾರ್ಲ್ಸ್ ಕೊರಿಯಾ ಅವರಂಥ ದೊಡ್ಡ ವಾಸ್ತುಶಿಲ್ಪಿ ಬಂದರು. ನಮ್ಮ ಅತ್ತೆ–ಮಾವನ ಮನೆಗೆ ಟೇಪು ಹಿಡಿದು ಅಳತೆ ಮಾಡಿದ್ದು ನನಗೆ ಇವತ್ತಿಗೂ ನೆನಪಿದೆ. ಗೋಡೆ ಕಲ್ಲಿನದೋ ಮಣ್ಣಿನದೋ, ಬಾಗಿಲು ಎಷ್ಟು, ಕಿಟಕಿ ಎಷ್ಟು, ಎಲ್ಲ ಬರೆದುಕೊಂಡರು. ಹಿತ್ತಲಿನ ಬೇವಿನ ಗಿಡಕ್ಕೂ ಒಂದು ಬೆಲೆ ಹಾಕಿದರು. ಸಾವಿರಾರು ಕುಟುಂಬಗಳನ್ನು ಹೀಗೆ ಒಂದೊಂದಾಗಿ ಎಣಿಸಿ, ನಂಬರು ಕೊಟ್ಟು, ನಿವೇಶನ ಹಂಚಿದ ಊರಿಗೆ ಬಾಡಿಗೆ ಕೋಣೆಗಳನ್ನು ಎಣಿಸುವುದು ಕಷ್ಟವೇ?

ಆಗಿನ ಲೆಕ್ಕದಲ್ಲಿ ಇದ್ದವರು ಮುಳುಗಡೆಯ ಮಂದಿ. ಓದಲು ಬರುವವರು ಆ ಲೆಕ್ಕದಲ್ಲಿ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಆದರೆ ಊರು ಬೆಳೆದದ್ದು ಅವರಿಂದಲೇ. ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ 1906ರಷ್ಟು ಹಳೆಯದು, ಅದರ ಎಂಜಿನಿಯರಿಂಗ್ ಕಾಲೇಜು 1963ರದ್ದು. 1997ರಲ್ಲಿ ಬಾಗಲಕೋಟೆ ಜಿಲ್ಲಾ ಕೇಂದ್ರವಾಯಿತು. ಆಮೇಲೆ ವೈದ್ಯಕೀಯ ಕಾಲೇಜು ಬಂತು. 2008ರಲ್ಲಿ ತೋಟಗಾರಿಕೆ ವಿಶ್ವವಿದ್ಯಾಲಯ ಬಂತು. ಜೊತೆಗೆ ನರ್ಸಿಂಗ್, ಬಿ.ಎಡ್., ಐಟಿಐ, ಡಿಪ್ಲೊಮಾ. ಪ್ರತಿ ವರ್ಷ ಹೊಸ ಮಕ್ಕಳ ದಂಡೇ ಬರುತ್ತದೆ. ಪರಿಹಾರದ ದುಡ್ಡಿನಲ್ಲಿ ಮನೆ ಕಟ್ಟಿ, ಮಿಕ್ಕದ್ದರಲ್ಲಿ ಮೇಲೊಂದು ಕೋಣೆ ಎಬ್ಬಿಸಿದ ನಮ್ಮಂಥ ಎಷ್ಟೋ ಮನೆಗಳಿಗೆ ಈ ಮಕ್ಕಳ ಬಾಡಿಗೆಯೇ ಪಿಂಚಣಿ. ಹಳೇ ಊರಿನಲ್ಲಿ ಅಂಗಡಿ ಕಳಕೊಂಡ ಮೇಲೆ ನಮ್ಮ ಮನೆಯವರಿಗೆ ಮತ್ತೆ ಅಷ್ಟು ವ್ಯಾಪಾರ ಕೂಡಿಬರಲಿಲ್ಲ. ಮಕ್ಕಳಿಗೆ ನಾವು ಬೇಕು ಅನ್ನುವುದಕ್ಕಿಂತ ನಮಗೆ ಅವರು ಜಾಸ್ತಿ ಬೇಕು. ಇದನ್ನು ಒಪ್ಪಿಕೊಳ್ಳಲು ನಮ್ಮವರಿಗೆ ಯಾಕೋ ಬಿಗುಮಾನ.

ಹಾಸ್ಟೆಲ್ ವಿಷಯಕ್ಕೆ ಬರುತ್ತೇನೆ. ಕಾಲೇಜು ಶುರುವಾಗಿ ಕೆಲವು ವಾರ ಆದ ಮೇಲೆ ಒಬ್ಬ ಹುಡುಗ ಬಂದು, “ಆಂಟಿ, ನಂದು ಹಾಸ್ಟೆಲ್ ಲಿಸ್ಟಿನ್ಯಾಗ ಹೆಸರ ಬಂತ್ರಿ” ಅಂತಾನೆ. ಮುಖದಲ್ಲಿ ಖುಷಿ, ಜೊತೆಗೆ ಹೆದರಿಕೆ. ಖುಷಿ ಹಾಸ್ಟೆಲ್ ಸಿಕ್ಕಿದ್ದಕ್ಕೆ. ಹೆದರಿಕೆ ಕೊಟ್ಟ ಠೇವಣಿ ನಾನು ಮರಳಿಸುತ್ತೇನೋ ಇಲ್ಲವೋ ಅಂತ. ಎಷ್ಟೋ ಮನೆಗಳಲ್ಲಿ ಮರಳಿಸುವುದಿಲ್ಲ. “ವರ್ಷದ ಮಾತಾಗಿತ್ತು” ಅನ್ನುತ್ತಾರೆ. ಕೋಣೆ ಖಾಲಿ ಆದರೆ ಆ ಹೊತ್ತಿಗೆ ಬೇರೆ ಹುಡುಗರು ಸಿಗುವುದಿಲ್ಲ ಅನ್ನೋದೂ ನಿಜ, ಮಾಲೀಕರಿಗೂ ನಷ್ಟ. ಹಾಸ್ಟೆಲ್ ಪಟ್ಟಿ ಪ್ರವೇಶದ ಜೊತೆಗೇ ಬಂದರೆ ಇಬ್ಬರಿಗೂ ಈ ತಾಪತ್ರಯ ಇಲ್ಲ. ಕಾಲೇಜಿನವರು ಪ್ರವೇಶದ ದಿನವೇ “ನಮ್ಮ ಹಾಸ್ಟೆಲಿನಲ್ಲಿ ಇಷ್ಟು ಜಾಗ ಇದೆ, ನಿಮ್ಮ ಪಾಳಿ ಇಷ್ಟನೆಯದು” ಅಂತ ಒಂದು ಚೀಟಿ ಕೊಟ್ಟರೂ ನಡೆಯುತ್ತದೆ.

ಹಾಸ್ಟೆಲ್ ಸಿಗದ ಹಿಂದುಳಿದ ವರ್ಗಗಳ ಮಕ್ಕಳಿಗೆ ವಿದ್ಯಾಸಿರಿ ಇದೆ. 2013–14ರಲ್ಲಿ ಶುರುವಾದಾಗ ಊಟ, ವಸತಿ ಎರಡಕ್ಕೂ ಸೇರಿ ತಿಂಗಳಿಗೆ 1,500 ರೂಪಾಯಿ, ವರ್ಷಕ್ಕೆ 10 ತಿಂಗಳು ಅಂತ ಇತ್ತು. ಒಳ್ಳೆಯ ಯೋಜನೆ. ಆದರೆ ಲೆಕ್ಕ ನೋಡಿ. ನಮ್ಮ ಮನೆಯ ಇಬ್ಬರು ಇರುವ ಕೋಣೆಗೆ 3,000 ರೂಪಾಯಿ, ತಲೆಗೆ 1,500. ಶುರುವಿನ ಆ ಮೊತ್ತ ವಸತಿಗೇ ಮುಗಿಯುತ್ತದೆ. ಊಟಕ್ಕೆ?

ಊಟದ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಕೋಣೆಯ ಬಾಡಿಗೆ ಅಗ್ಗ ಅಂತ ತಗೊಂಡವರು ಊಟದಲ್ಲಿ ಸೋಲುತ್ತಾರೆ. ಬೀಳಗಿ, ಬಾದಾಮಿ, ಗುಳೇದಗುಡ್ಡ, ಹುನಗುಂದ ಕಡೆಯ ಮಕ್ಕಳಿಗೆ ಇನ್ನೂ ಮನೆಯಿಂದ ಬುತ್ತಿ ಬರುತ್ತದೆ. ಮುಂಜಾನೆಯ ಬಸ್ಸಿನಲ್ಲಿ ಡ್ರೈವರಣ್ಣನ ಹತ್ತಿರ ರೊಟ್ಟಿ, ಪಲ್ಯ, ಶೇಂಗಾ ಚಟ್ನಿಯ ಡಬ್ಬಿ ಇಟ್ಟು ಕಳಿಸುತ್ತಾರೆ. ಬಸ್ ನಿಲ್ದಾಣದಲ್ಲಿ ಮಕ್ಕಳು ಹೋಗಿ ಇಸಿದುಕೊಂಡು ಬರುತ್ತಾರೆ. ಕಟಿರೊಟ್ಟಿ ಆದರೆ ವಾರ ಹದಿನೈದು ದಿನ ಕೆಡುವುದಿಲ್ಲ. ದೂರದಿಂದ ಬಂದವರಿಗೆ ಈ ಅನುಕೂಲ ಇಲ್ಲ. ಅವರಿಗೆ ಖಾನಾವಳಿಯೇ ಗತಿ, ಇಲ್ಲವೇ ಕೋಣೆಯಲ್ಲಿ ಅಡುಗೆ. ಅಡುಗೆ ಮಾಡುತ್ತೇವೆ ಅಂದರೆ ಮಾಲೀಕರು ಒಪ್ಪುವುದಿಲ್ಲ. ಗೋಡೆ ಕಪ್ಪಾಗುತ್ತದೆ, ಸಿಲಿಂಡರ್ ಭಯ, ಇಂಡಕ್ಷನ್ ಒಲೆ ಇಟ್ಟರೆ ಕರೆಂಟು ಬಿಲ್ಲು. ಹೀಗಾಗಿ ಪಟ್ಟಿಯಲ್ಲಿ ಅಡುಗೆಯ ವಿಷಯ ಬರೆಯಲೇಬೇಕು ಅಂದೆ. ಬಾಡಿಗೆ ಐನೂರು ಜಾಸ್ತಿ ಇದ್ದರೂ ಅಡುಗೆಗೆ ಬಿಡುವ ಮನೆ ತಿಂಗಳ ಕೊನೆಗೆ ಅಗ್ಗ ಬೀಳುತ್ತದೆ.

ಕರೆಂಟು ಬಿಲ್ಲಿನ ವಿಷಯದಲ್ಲಿ ನನ್ನ ಜೊತೆಯ ಮಾಲೀಕರಿಗೆ ಸಿಟ್ಟು ಬಂದರೂ ಹೇಳಿಬಿಡುತ್ತೇನೆ. 2023ರಲ್ಲಿ ಗೃಹಜ್ಯೋತಿ ಬಂತು. ಮನೆ ಮೀಟರಿಗೆ ಹಿಂದಿನ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಸೇರಿಸಿ, 200 ಯೂನಿಟ್ಟಿನ ಒಳಗೆ, ಬಿಲ್ಲು ಸೊನ್ನೆ. ಬಾಡಿಗೆಯವರೂ ಇದಕ್ಕೆ ಅರ್ಜಿ ಹಾಕಬಹುದು. ಆದರೆ ಎಷ್ಟೋ ಮನೆಗಳಲ್ಲಿ ಹೆಸ್ಕಾಂ ಬಿಲ್ಲು ಸೊನ್ನೆ ಬಂದರೂ ಮಕ್ಕಳಿಂದ ತಿಂಗಳು ತಿಂಗಳು ‘ಲೈಟ್ ಬಿಲ್’ ಅಂತ ವಸೂಲಿ ನಡೆದೇ ಇದೆ. ಸರ್ಕಾರ ಮಕ್ಕಳಿಗೂ ಸೇರಿಸಿ ಕೊಟ್ಟಿದ್ದನ್ನು ನಾವು ಜೇಬಿಗೆ ಹಾಕಿಕೊಂಡರೆ ಹೇಗೆ? ಹಾಗಂತ ಮಕ್ಕಳೂ ಕೇಳಬೇಕು. 200 ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಬಕೆಟ್ಟಿಗೆ ಕಾಯಿಲ್ ಹಾಕಿ ಮರೆತು ಕಾಲೇಜಿಗೆ ಹೋದರೆ ಆ ತಿಂಗಳು ಮನೆಯವರೆಲ್ಲ ಸೇರಿ ಅನುಭವಿಸಬೇಕು. ಕೋಣೆಗೊಂದು ಸಣ್ಣ ಸಬ್ ಮೀಟರ್ ಹಾಕಿಸಿದರೆ ಜಗಳ ಮುಗಿಯುತ್ತದೆ. ನಾವು ಹಾಕಿಸಿದ್ದೇವೆ. ದೊಡ್ಡ ಖರ್ಚೇನೂ ಅಲ್ಲ.

ಇನ್ನೊಂದು. ಕೆಲವು ಪಿಜಿಗಳಲ್ಲಿ ಜಿಎಸ್‌ಟಿ ಅಂತ ಸೇರಿಸಿ ಕೇಳುತ್ತಾರಂತೆ. 2024ರಲ್ಲಿ ಜಿಎಸ್‌ಟಿ ಮಂಡಳಿಯೇ ತೀರ್ಮಾನ ಮಾಡಿದೆ: ತಲೆಗೆ ತಿಂಗಳಿಗೆ 20,000 ರೂಪಾಯಿ ಮೀರದಿದ್ದರೆ, ಸತತ 90 ದಿನ ಇದ್ದರೆ, ತೆರಿಗೆ ಇಲ್ಲ. ಬಾಗಲಕೋಟೆಯಲ್ಲಿ ತಿಂಗಳಿಗೆ ಇಪ್ಪತ್ತು ಸಾವಿರದ ವಿದ್ಯಾರ್ಥಿ ಕೋಣೆಯನ್ನು ನಾನಂತೂ ಕಂಡಿಲ್ಲ.

ಈಗ ಬರೆಯಲು ಮನಸ್ಸಿಲ್ಲದಿದ್ದರೂ ಬರೆಯಲೇಬೇಕಾದ ಮಾತು. ಕೋಣೆ ಕೇಳಲು ಬಂದ ಹುಡುಗನಿಗೆ ನಮ್ಮ ಕಡೆ ಕೇಳುವ ಮೊದಲ ಪ್ರಶ್ನೆ “ಯಾವೂರು ತಮ್ಮಾ?” ಎರಡನೆಯದು “ಅಡ್ಡಹೆಸರೇನು?” ಅಷ್ಟರಲ್ಲಿ ತಿಳಿಯದಿದ್ದರೆ ಮೂರನೆಯದು, “ನೀವು ಯಾವ ಪೈಕಿ?” ಉತ್ತರ ಬಂದ ಮೇಲೆ ಕೆಲವರಿಗೆ ಕೋಣೆ ಇರುತ್ತದೆ, ಕೆಲವರಿಗೆ “ಈಗ ತಾನೇ ಕೊಟ್ಟೆವು” ಅನ್ನುತ್ತಾರೆ. ದಲಿತ ಹುಡುಗರು, ಮುಸಲ್ಮಾನ ಹುಡುಗರು ಎಷ್ಟು ಗೇಟುಗಳ ಮುಂದೆ ಈ ಮಾತು ಕೇಳಿಸಿಕೊಳ್ಳುತ್ತಾರೋ. ಕೊನೆಗೆ ಅವರು ಊರ ಅಂಚಿನಲ್ಲಿ, ತಗಡಿನ ಮಾಡಿನ ಕೋಣೆಗೆ ಜಾಸ್ತಿ ಬಾಡಿಗೆ ಕೊಟ್ಟು ಇರುತ್ತಾರೆ. ನಮ್ಮ ಬಿಸಿಲು ನಿಮಗೆ ಗೊತ್ತು. ಏಪ್ರಿಲ್–ಮೇನಲ್ಲಿ 40 ಡಿಗ್ರಿ ದಾಟುತ್ತದೆ, ಪರೀಕ್ಷೆಯ ಕಾಲವೂ ಅದರ ಹತ್ತಿರವೇ ಬರುತ್ತದೆ. ತಗಡಿನ ಕೆಳಗೆ ಕೂತು ಓದಲು ಆಗುತ್ತದಾ?

‘ನಾನ್‌ವೆಜ್ ಮಾಡಬಾರದು’ ಅನ್ನುವ ನಿಯಮ ಇಟ್ಟುಕೊಳ್ಳಿ, ಅದು ನಿಮ್ಮ ಮನೆಯ ಅಡುಗೆಯ ಮಾತು, ಎಲ್ಲರಿಗೂ ಒಂದೇ ಇರಲಿ. ಆದರೆ ಕೋಣೆ ಕೊಡುವ ಮೊದಲು ಜಾತಿ ಕೇಳುವುದು ನಿಯಮ ಅಲ್ಲ. ನಾವೆಲ್ಲ ಹಳೇ ಊರಿನಿಂದ ಬಂದು ನವನಗರದಲ್ಲಿ ಅಕ್ಕಪಕ್ಕ ಕೂತಾಗ ನಮಗೆ ನಿವೇಶನದ ನಂಬರು ನೋಡಿ ಮನೆ ಸಿಕ್ಕಿತ್ತು. ಕೂಡಲಸಂಗಮ ಇರುವುದೂ ನಮ್ಮ ಜಿಲ್ಲೆಯಲ್ಲೇ. ಇದಕ್ಕಿಂತ ಹೆಚ್ಚು ಹೇಳಲು ನನಗೆ ಇಷ್ಟವಿಲ್ಲ. ಸಾಹೇಬರೇ, ನೀವು ಮಾಡುವ ಪಟ್ಟಿಯಲ್ಲಿ ಒಂದು ಶರತ್ತು ಹಾಕಿ: ಜಾತಿ ಧರ್ಮ ಕೇಳುವ ಮನೆಗೆ ಪಟ್ಟಿಯಲ್ಲಿ ಜಾಗ ಇಲ್ಲ. ಕೋಣೆ ಖಾಲಿ ಬಿದ್ದಾಗ ಎಷ್ಟು ಮಡಿ ಉಳಿಯುತ್ತದೋ ನೋಡೋಣ.

ಹುಡುಗಿಯರ ಕಷ್ಟ ಇನ್ನೊಂದು ನಮೂನೆ. ಅವರಿಗೆ ಕೋಣೆ ಬೇಗ ಸಿಗುತ್ತದೆ, ಗಲಾಟೆ ಇರುವುದಿಲ್ಲ ಅಂತ ಮಾಲೀಕರು ಸಂತೋಷದಿಂದ ಕೊಡುತ್ತಾರೆ. ಆಮೇಲೆ ಸಂಜೆ ಏಳಕ್ಕೆ ಗೇಟಿಗೆ ಬೀಗ. ನಮ್ಮ ಮನೆಯಲ್ಲಿ ಒಮ್ಮೆ ನರ್ಸಿಂಗ್ ಓದುವ ಇಬ್ಬರು ಇದ್ದರು. ಅವರಿಗೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಬೀಳುತ್ತದೆ. ಅದಕ್ಕೂ ಮೊದಲಿನ ಮನೆಯಲ್ಲಿ ರಾತ್ರಿ ಹೊರಗೆ ಹೋಗುತ್ತಾರೆ ಅಂತ ಓಣಿಯವರು ಮಾತಾಡಿಕೊಂಡರಂತೆ, ಮಾಲೀಕರು ಬಿಡಿಸಿಬಿಟ್ಟರಂತೆ. ರೋಗಿಗಳನ್ನು ನೋಡಿಕೊಳ್ಳಲು ಹೋದವರಿಗೆ ಈ ಮಾತು! ಕಾಲೇಜಿನವರು ಪಾಳಿಯ ಚೀಟಿ ಒಂದನ್ನು ಮಾಲೀಕರ ಹೆಸರಿಗೆ ಬರೆದುಕೊಟ್ಟರೆ ಅರ್ಧ ಬಾಯಿ ಮುಚ್ಚುತ್ತವೆ. ಹಾಸ್ಟೆಲಿನಲ್ಲಿ ಇರುವವರಿಗೆ ವಾರ್ಡನ್ ಇದ್ದಾರೆ. ಹೊರಗೆ ಕೋಣೆ ಮಾಡಿಕೊಂಡವರಿಗೆ ಕಾಲೇಜಿನಲ್ಲಿ ಯಾರು ಇದ್ದಾರೆ? ಒಬ್ಬ ಮೇಷ್ಟ್ರಿಗೋ ಮೇಡಂಗೋ ಈ ಜವಾಬ್ದಾರಿ ಕೊಟ್ಟು, ಅವರ ಫೋನ್ ನಂಬರನ್ನು ನಮಗೂ ಕೊಡಿ. ಹುಡುಗನಿಗೆ ಜ್ವರ ಬಂದರೆ ಯಾರಿಗೆ ಹೇಳಬೇಕು ಅಂತ ನಮಗೆ ತಿಳಿಯುವುದಿಲ್ಲ. ಊರಿನಲ್ಲಿರುವ ಅವರ ಅವ್ವನಿಗೆ ಅರ್ಧ ರಾತ್ರಿ ಫೋನ್ ಮಾಡಿ ಗಾಬರಿ ಮಾಡುವುದಷ್ಟೇ ಗೊತ್ತು.

ಪಟ್ಟಿ ಮಾಡುವಾಗ ಒಂದು ಎಚ್ಚರ ಇರಲಿ. ಬೆಂಗಳೂರಿನ ನಿಯಮಗಳನ್ನು ಹಾಗೇ ತಂದು ನಮ್ಮ ಮೇಲೆ ಹಾಕಬೇಡಿ. 2024ರಲ್ಲಿ ಅಲ್ಲಿಯ ಪಾಲಿಕೆ ಪಿಜಿಗಳಿಗೆ ನಿಯಮ ತಂದಿತು. ತಲೆಗೆ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಸಿಸಿ ಕ್ಯಾಮೆರಾ. ಬಹುಮಹಡಿ ಪಿಜಿಗಳಿಗೆ ಅದು ಬೇಕಾದ್ದೇ. ಆದರೆ ನಮ್ಮ ಹತ್ತಡಿಗೆ ಹತ್ತಡಿಯ ಕೋಣೆಗೆ ಅದೇ ಅಳತೆ ಹಿಡಿದರೆ ಅಲ್ಲಿ ಒಬ್ಬನೇ ಇರಬೇಕು. ಮೂರು ಸಾವಿರವನ್ನೂ ಅವನೇ ಕೊಡಬೇಕು. ಮಕ್ಕಳಿಗೆ ಅನುಕೂಲ ಮಾಡಲು ಹೋಗಿ ಅವರ ಬಾಡಿಗೆಯನ್ನೇ ಎರಡು ಪಟ್ಟು ಮಾಡಿದ ಹಾಗಾಗುತ್ತದೆ. ಇನ್ನು ನೀರು. ಹಿನ್ನೀರು ಕಣ್ಣಿಗೆ ಕಾಣುವಷ್ಟು ಹತ್ತಿರ ಇದ್ದರೂ ನಳದ ನೀರಿಗೆ ನಾವೇ ದಿನ ಎಣಿಸಿ ಕಾಯುತ್ತೇವೆ. ತಲೆಗೆ ಇಷ್ಟು ಲೀಟರ್ ಕೊಡಿ ಅಂತ ನಮಗೆ ಹೇಳುವ ಮೊದಲು ನೀರು ಬಿಡುವವರಿಗೆ ಹೇಳಬೇಕಾಗುತ್ತದೆ.

ಆದರೆ ಕೆಲವು ವಿಷಯದಲ್ಲಿ ರಿಯಾಯಿತಿ ಬೇಡ. ಪಡಸಾಲೆಯಲ್ಲಿ ಹತ್ತು ಹನ್ನೆರಡು ಮಂಚ ಹಾಕಿ, ಒಂದೇ ಬಾಗಿಲು ಇಟ್ಟು, ರಾತ್ರಿ ಆದ ಮೇಲೆ ಗ್ರಿಲ್ಲಿಗೆ ಹೊರಗಿನಿಂದ ಬೀಗ ಹಾಕುವವರಿದ್ದಾರೆ. ಬೆಂಕಿ ಬಿದ್ದರೆ ಮಕ್ಕಳು ಎಲ್ಲಿಂದ ಹೊರಗೆ ಬರಬೇಕು? ಇದಕ್ಕೆ ಚದರ ಅಡಿಯ ಲೆಕ್ಕ ಬೇಡ, ಒಬ್ಬ ಸಿಬ್ಬಂದಿ ಬಂದು ಕಣ್ಣಾರೆ ನೋಡಿದರೆ ಸಾಕು. ಬೀಗದ ಕೈ ಒಳಗಿರಬೇಕು, ವೈರಿಂಗ್ ನೆಟ್ಟಗಿರಬೇಕು, ಎಂಟು ಜನಕ್ಕೆ ಒಂದೇ ಪಾಯಖಾನೆ ಇರಬಾರದು.

ಠೇವಣಿ ಬಗ್ಗೆ ಹೇಳಿದರೆ ಕಾಗದದ ಬಗ್ಗೆಯೂ ಹೇಳಬೇಕು. ಕೇಂದ್ರ ಸರ್ಕಾರ 2021ರಲ್ಲಿ ಒಂದು ಮಾದರಿ ಬಾಡಿಗೆ ಕಾಯ್ದೆ ಮಾಡಿ ರಾಜ್ಯಗಳಿಗೆ ಕಳಿಸಿತು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಠೇವಣಿ ತಗೊಳ್ಳಬಾರದು ಅಂತ ಅದರಲ್ಲಿದೆ. ಅದು ಮಾದರಿ ಅಷ್ಟೇ, ಅದನ್ನು ಅಳವಡಿಸಿಕೊಳ್ಳುವುದು ರಾಜ್ಯಗಳ ಕೈಯಲ್ಲಿದೆ. ಆದರೆ ಪಟ್ಟಿಗೆ ಸೇರಬೇಕಾದರೆ ಎರಡು ತಿಂಗಳ ಠೇವಣಿ ಅಂತ ನೀವು ಶರತ್ತು ಹಾಕಲು ಏನು ಅಡ್ಡಿ? ಜೊತೆಗೆ ಒಂದು ಪುಟದ ಕರಾರು ಪತ್ರ ಕನ್ನಡದಲ್ಲಿ ಅಚ್ಚು ಹಾಕಿಸಿ ಕೊಡಿ. ಎಲ್ಲರೂ 11 ತಿಂಗಳಿಗೆ ಬರೆಸುತ್ತಾರೆ, ಒಂದು ವರ್ಷ ಮೀರಿದರೆ ನೋಂದಣಿ ಮಾಡಿಸಬೇಕು ಅಂತ. ಇರಲಿ. ಆದರೆ ಅದರಲ್ಲಿ ರಜೆಯ ತಿಂಗಳ ಬಾಡಿಗೆ ಎಷ್ಟು, ನಡುವೆ ಬಿಟ್ಟರೆ ಎಷ್ಟು ದಿನ ಮೊದಲು ಹೇಳಬೇಕು, ಠೇವಣಿಯಲ್ಲಿ ಯಾವುದಕ್ಕೆ ಹಿಡಿಯಬಹುದು, ಇಷ್ಟು ಇರಲಿ. ಸುಣ್ಣ ಬಣ್ಣ ಅಂತ ಪೂರ್ತಿ ಠೇವಣಿ ನುಂಗುವುದು ನಿಲ್ಲಲಿ. ಮಾಲೀಕರಿಗೂ ಇದರಿಂದ ಲಾಭ ಇದೆ. ಬಾಡಿಗೆ ಬಾಕಿ ಇಟ್ಟು, ಪರೀಕ್ಷೆ ಮುಗಿದ ರಾತ್ರಿಯೇ ಗಂಟು ಮೂಟೆ ಕಟ್ಟಿಕೊಂಡು ಹೋದ ಹುಡುಗರೂ ಇದ್ದಾರೆ.

ಪ್ರಾಧಿಕಾರದವರಿಗೆ ಒಂದು ಮಾತು ಬೇರೆಯಾಗಿಯೇ ಹೇಳಬೇಕು. ಆಲಮಟ್ಟಿಯ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸುವ ಮಾತು ವರ್ಷಗಳಿಂದ ನಡೆದಿದೆ. ಅದು ಆದ ದಿನ ಇನ್ನಷ್ಟು ಮಂದಿ ಹಳೇ ಊರು ಬಿಟ್ಟು ಈ ಕಡೆ ಬರುತ್ತಾರೆ. ನಾವು ಬಂದಾಗ ಏನಾಯಿತು ಅಂತ ನೆನಪಿದೆ. ಸ್ವಂತ ಮನೆ ಕಟ್ಟಿ ಮುಗಿಯುವವರೆಗೆ ಎಲ್ಲರೂ ಬಾಡಿಗೆ ಮನೆ ಹುಡುಕುತ್ತಾರೆ. ಸಂಸಾರದವರು ಬಂದಾಗ ಮಾಲೀಕರು ವಿದ್ಯಾರ್ಥಿಗಳನ್ನು ಬಿಡಿಸುತ್ತಾರೆ. ಆಗ ಈಗಿನ ಬಾಡಿಗೆಯೇ ಎಷ್ಟೋ ವಾಸಿ ಅನ್ನಿಸುತ್ತದೆ. ನವನಗರದ ಹೊಸ ಯುನಿಟ್ಟಿನ, ಅಂದರೆ ಹೊಸ ಬಡಾವಣೆಯ, ನಕ್ಷೆಯಲ್ಲಿ ಶಾಲೆ, ಗುಡಿ, ಸಮುದಾಯ ಭವನಕ್ಕೆ ಜಾಗ ಬಿಡುವ ಹಾಗೆ ನಾಗರಿಕ ಸೌಲಭ್ಯದ ಕೆಲವು ನಿವೇಶನಗಳನ್ನು ವಿದ್ಯಾರ್ಥಿ ವಸತಿಗೆ ಅಂತಲೇ ತೆಗೆದಿಡಿ. ಕಟ್ಟುವವರು ಸರ್ಕಾರವೋ, ಕಾಲೇಜುಗಳೋ, ಮಠಗಳೋ ಆಮೇಲೆ ನೋಡೋಣ. ನಮ್ಮ ಭಾಗದಲ್ಲಿ ಮಠಗಳು ಪ್ರಸಾದ ನಿಲಯ ನಡೆಸಿ ಎಷ್ಟು ತಲೆಮಾರುಗಳನ್ನು ಓದಿಸಿಲ್ಲ? ಬೆಳಗಾವಿಯಲ್ಲಿ ನಾಗನೂರು ರುದ್ರಾಕ್ಷಿ ಮಠ, ಧಾರವಾಡದಲ್ಲಿ ಮುರುಘಾಮಠ. ಅಲ್ಲಿ ಉಂಡು ಓದಿದವರು ದೊಡ್ಡ ದೊಡ್ಡ ಹುದ್ದೆಗೆ ಹೋಗಿದ್ದಾರೆ. ಜಾಗ ಇದ್ದರೆ ಕಟ್ಟುವವರು ಬರುತ್ತಾರೆ. ನಕ್ಷೆ ಮುಗಿದು ನಿವೇಶನ ಹಂಚಿದ ಮೇಲೆ ಜಾಗ ಹುಟ್ಟುವುದಿಲ್ಲ.

ಈ ಪಟ್ಟಿಯನ್ನು ಯಾರು ಇಟ್ಟುಕೊಳ್ಳಬೇಕು ಅನ್ನುವುದರಲ್ಲಿ ನನಗೆ ಹಟ ಇಲ್ಲ. ಕಾಲೇಜುಗಳು ಸೇರಿ ಮಾಡಲಿ, ನಗರಸಭೆ ಮಾಡಲಿ, ಜಿಲ್ಲಾಡಳಿತದ ಜಾಲತಾಣದಲ್ಲಿ ಒಂದು ಪುಟ ಇರಲಿ. ಪ್ರವೇಶದ ದಿನಗಳಲ್ಲಿ ಬಸ್ ನಿಲ್ದಾಣದಲ್ಲೂ ರೈಲು ನಿಲ್ದಾಣದಲ್ಲೂ ಒಂದು ಟೇಬಲ್ ಹಾಕಿ, ಎನ್‌ಎಸ್‌ಎಸ್ ಮಕ್ಕಳನ್ನು ಕೂರಿಸಿ. ಟಂಟಂ ಆಟೊ ಹತ್ತುವ ಮೊದಲೇ ತಂದೆ ಮಗನಿಗೆ ಸೆಕ್ಟರ್ ನಂಬರು, ಮನೆ, ಬಾಡಿಗೆ ಗೊತ್ತಾಗಲಿ. ಒಂದೇ ಒಂದು ಭಯ ನಮ್ಮವರಿಗೆ ಇದೆ, ಅದನ್ನು ನೀವೇ ಮೊದಲು ಬಿಡಿಸಿ ಹೇಳಬೇಕು. ಹೆಸರು ಕೊಟ್ಟ ಕೂಡಲೇ ನಾಳೆ ಮನೆ ತೆರಿಗೆ ಏರುತ್ತದೆ, ಮೀಟರನ್ನು ವಾಣಿಜ್ಯಕ್ಕೆ ಬದಲಾಯಿಸುತ್ತಾರೆ ಅಂತ ಎಲ್ಲರೂ ಹೆದರುತ್ತಾರೆ. ಮನೆಯಲ್ಲೇ ಇದ್ದುಕೊಂಡು ಎರಡು ಮೂರು ಕೋಣೆ ಕೊಡುವವರಿಗೆ ಅಂಥದ್ದೇನೂ ಇಲ್ಲ ಅಂತ ಬರೆದು ಕೊಟ್ಟರೆ ಅರ್ಧ ನವನಗರ ಒಂದೇ ವಾರದಲ್ಲಿ ಹೆಸರು ಬರೆಸುತ್ತದೆ. ಇಲ್ಲದಿದ್ದರೆ ಪಟ್ಟಿಯಲ್ಲಿ ಬರೀ ದೊಡ್ಡ ಪಿಜಿಗಳೇ ಉಳಿಯುತ್ತವೆ, ನಮ್ಮಂಥವರ ಅಗ್ಗದ ಕೋಣೆಗಳು ಏಜೆಂಟರ ಫೋನಿನಲ್ಲೇ ಇರುತ್ತವೆ.

ಪಟ್ಟಿ ಶುರುವಾದ ದಿನ ನಮ್ಮ ಮನೆಯನ್ನು ಬರೆದುಕೊಳ್ಳಿ. ಮೂರು ಕೋಣೆ, ಒಂದೊಂದರಲ್ಲಿ ಇಬ್ಬರು, ಕೋಣೆಗೆ 3,000 ರೂಪಾಯಿ. ಠೇವಣಿ ಎರಡು ತಿಂಗಳದ್ದು, ಬಿಟ್ಟ ದಿನವೇ ವಾಪಸ್. ರಜೆಯಲ್ಲಿ ಅರ್ಧ ಬಾಡಿಗೆ. ಕರೆಂಟಿಗೆ ಸಬ್ ಮೀಟರ್, ಬಿಲ್ಲು ಸೊನ್ನೆ ಬಂದರೆ ಮಕ್ಕಳಿಗೂ ಸೊನ್ನೆ. ಇಂಡಕ್ಷನ್ ಮೇಲೆ ಅಡುಗೆ ಮಾಡಿಕೊಳ್ಳಬಹುದು. ಗೇಟಿನ ಬೀಗದ ಕೈ ಒಂದು ಮೇಲೂ ಇರುತ್ತದೆ. ನೀರು ಬಿಟ್ಟ ದಿನ ಟ್ಯಾಂಕ್ ತುಂಬಿಸಲು ಮಕ್ಕಳು ಕೈ ಹಚ್ಚಬೇಕು, ಅದೊಂದು ಶರತ್ತು.

ಇಂತಿ,
ನವನಗರದ ಒಬ್ಬ ಮನೆ ಮಾಲಕಿ
ಬಾಗಲಕೋಟೆ